ಬ್ರೇಕು ಕೊಳವೆಯ ಸಂಧಿವಿಚಾರ

ಊರು ಊರಿನೊಡನೆ ಕೂಡಿ ‘ಊರೂರು’ ಆಗುವಲ್ಲಿ ಲೋಪಸಂಧಿ. ‘ಮನೆಯನ್ನು’ ಎಂಬಲ್ಲಿ ಯಕಾರಾಗಮ. ಒಂದರ ಎಡೆಯಲ್ಲಿ ಇನ್ನೊಂದನ್ನು ತಂದರೆ ಪದ ಕೆಡುತ್ತದೆ. ಯಂತ್ರಗಳಲ್ಲಿಯೂ ಸಂಧಿಗಳುಂಟು, ಅಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಹಲವು ದೇಶಗಳ ಬಿಡಿಭಾಗಗಳನ್ನು ಕೂಡಿಸಿ ಸ್ವಂತವಾಗಿ ಕಟ್ಟುವ ಕಾರಿನ ಬ್ರೇಕು ಕೊಳವೆಗಳು ಇದಕ್ಕೆ ನಿದರ್ಶನ.

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬುದು 17ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬ್ಲೇಸ್ ಪಾಸ್ಕಲ್ ನಿರೂಪಿಸಿದ ತತ್ತ್ವ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರು ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕುಗಳನ್ನು ಪಡೆದುದು ಈ ತತ್ತ್ವದ ಬಲದಿಂದಲೇ. ಸಂಧಿ ಸೋರಿದರೆ ಒತ್ತಡ ನಿಲ್ಲದು. ಗಾಳಿ ಹೊಕ್ಕರೆ ಅದು ತಾನು ಕುಗ್ಗಿ ಪಾದದ ಬಲವನ್ನು ನುಂಗುವುದು.

ಸಂಧಿಗೆ ಮೂರು ಅಂಗಗಳು: ಕೊಳವೆಯ ತುದಿ, ಅದು ಕೂರುವ ಪೀಠ, ಒತ್ತಿಹಿಡಿಯುವ ತಿರುಪು. ಅಮೆರಿಕದ ಕಾರುಗಳಲ್ಲಿ ತುದಿಯನ್ನು 45 ಡಿಗ್ರಿ ಕೋನಕ್ಕೆ ಅರಳಿಸಿ ಒಳಕ್ಕೆ ಮಡಿಸುವ ರೂಢಿ ಬೆಳೆಯಿತು. ಯುರೋಪಿನ ಅನೇಕ ಕಾರುಗಳಲ್ಲಿ ತುದಿ ಗುಳ್ಳೆಯಂತೆ ಉಬ್ಬಿರುತ್ತದೆ. ಓಟದ ಕಾರುಗಳಿಗೆ ವಿಮಾನಗಳಿಂದ ಬಂದುದು 37 ಡಿಗ್ರಿಯ ಕೋನ. ಒಂದರ ತುದಿ ಇನ್ನೊಂದರ ಪೀಠಕ್ಕೆ ಒಗ್ಗದು.

ತಿರುಪಿನಲ್ಲಿ ಮೋಸ ಇನ್ನೂ ಸೂಕ್ಷ್ಮ. 3/16 ಇಂಚಿನ ಕೊಳವೆಗೆ ಅಮೆರಿಕದ ತಿರುಪು ಸಾಮಾನ್ಯವಾಗಿ 3/8 ಇಂಚು ಅಗಲ, ಇಂಚಿಗೆ 24 ಸುತ್ತು; ಮೆಟ್ರಿಕ್ ತಿರುಪು 10 ಮಿಲಿಮೀಟರು ಅಗಲ, ಸುತ್ತಿಗೆ 1 ಮಿಲಿಮೀಟರು. ಅಗಲದಲ್ಲಿ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಮೊದಲನೆಯದು ಎರಡನೆಯದರ ರಂಧ್ರದಲ್ಲಿ ಸಡಿಲವಾಗಿ ಇಳಿದು ಕೂತಂತೆ ತೋರುವುದು. ಬಿಗಿದಾಗಲೋ ಬ್ರೇಕೊತ್ತಿದಾಗಲೋ ಹಲ್ಲು ಕಿತ್ತುಬರಬಹುದು. ಆದುದರಿಂದ ಕಣ್ಣನ್ನು ನಂಬದೆ ಅಳತೆಯ ಉಪಕರಣವನ್ನು ನಂಬತಕ್ಕದ್ದು. ಸೋರಿಕೆಯನ್ನು ತಡೆಯುವುದು ತುದಿ-ಪೀಠಗಳ ಸ್ಪರ್ಶವೇ ಹೊರತು ತಿರುಪಲ್ಲ. ತಿರುಪಿಗೆ ಪಟ್ಟಿ ಸುತ್ತುವುದರಿಂದ ಪ್ರಯೋಜನವಿಲ್ಲ.

ಅಮೆರಿಕದ ಸಿಲಿಂಡರಿಗೆ ಯುರೋಪಿನ ಚಕ್ರದ ಬ್ರೇಕನ್ನು ಜೋಡಿಸಬೇಕಾದಾಗ ನಡುವೆ ದುಭಾಷಿಯಂತಹ ಜೋಡುತುಂಡನ್ನು ಹಾಕುವುದುಂಟು. ಆದರೆ ಹೆಚ್ಚಿದ ಪ್ರತಿಯೊಂದು ಸಂಧಿಯೂ ಸೋರಬಹುದಾದ ಹೊಸ ಎಡೆ. ಒಂದೇ ಕೊಳವೆಯ ಎರಡು ತುದಿಗಳನ್ನು ಆಯಾ ಪೀಠಕ್ಕೆ ತಕ್ಕಂತೆ ರೂಪಿಸುವುದು ಉತ್ತಮ; ಅರಳಿಸುವ ಮೊದಲೇ ತಿರುಪುಗಳನ್ನು ಕೊಳವೆಗೆ ಪೋಣಿಸಿರಬೇಕು. ಕೊಳವೆ ಉಕ್ಕಿನದು ಅಥವಾ ತಾಮ್ರ-ನಿಕಲ್ ಮಿಶ್ರಲೋಹದ್ದಾಗಿರಲಿ. ಬರಿಯ ತಾಮ್ರವು ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ. ನೀರಿನ ನಳಿಗೆಯ ಬಳೆಜೋಡಣೆ ಇಲ್ಲಿ ಸಲ್ಲದು.

ಕೊನೆಗೆ ಗಾಳಿಯನ್ನು ಹೊರಗೆಡಹಿ, ಒಬ್ಬನು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಿರುವಾಗ ಇನ್ನೊಬ್ಬನು ಪ್ರತಿ ಸಂಧಿಯನ್ನೂ ಒರೆಸಿ ನೋಡಬೇಕು. ಒಂದು ಹನಿ ಕಂಡರೂ ಕಾರು ರಸ್ತೆಗಿಳಿಯಬಾರದು. ಹೊರಗಿನ ಬಣ್ಣವನ್ನು ಎಲ್ಲರೂ ಮೆಚ್ಚುವರು. ಕಾರಿನಡಿ ಅಡಗಿದ ಸಂಧಿಯಲ್ಲಿ ಕಟ್ಟಿದವನ ಕಾಯಕನಿಷ್ಠೆ ತಿಳಿಯುವುದು.