ಕಿಬ್ಬೊಟ್ಟೆಯ ನೋವು: ಕಾರಣಗಳ ಅರಿವು

‘ಹೊಟ್ಟೆನೋವು’ ಎಂದಷ್ಟೇ ನುಡಿದು ತಲೆತಗ್ಗಿಸುವ ವಿದ್ಯಾರ್ಥಿನಿಯ ನೋವಿಗೆ ಮುಟ್ಟೊಂದೇ ಕಾರಣವೆಂದು ಶಿಕ್ಷಕರು ಭಾವಿಸಬಾರದು. ಕಿಬ್ಬೊಟ್ಟೆಯಲ್ಲಿ ಗರ್ಭಕೋಶ, ಅಂಡಾಶಯಗಳಲ್ಲದೆ ಮೂತ್ರಕೋಶ, ಕರುಳು, ಅಪೆಂಡಿಕ್ಸ್‌ಗಳೂ ಇವೆ.

ಗರ್ಭಕೋಶದ ಸ್ನಾಯುಗಳ ಸಂಕೋಚನದಿಂದ ಮುಟ್ಟಿನ ನೋವು ಉಂಟಾಗುತ್ತದೆ. ಸಾಮಾನ್ಯವಾಗಿ 2–3 ದಿನಗಳಲ್ಲಿ ಶಮನವಾಗುತ್ತದೆ. ಪ್ರತಿ ತಿಂಗಳೂ ಶಾಲೆ ತಪ್ಪಿಸುವಷ್ಟು ತೀವ್ರವಾದರೆ ಎಂಡೋಮೆಟ್ರಿಯೋಸಿಸ್ ಇರಬಹುದು, ವೈದ್ಯರನ್ನು ಕಾಣಬೇಕು. ಉರಿಮೂತ್ರವು ಮೂತ್ರದ ಸೋಂಕನ್ನು ಸೂಚಿಸುತ್ತದೆ. ಶೌಚಾಲಯದ ಸಂಕೋಚದಿಂದ ನೀರು ಕುಡಿಯದಿರುವುದು ಅದಕ್ಕೆ ಎಡೆಗೊಡುತ್ತದೆ. ಮಲಬದ್ಧತೆಯೂ ಸಾಮಾನ್ಯ ಕಾರಣವೇ.

ವಿಳಂಬ ಸಲ್ಲದ ಸ್ಥಿತಿಗಳು ಮೂರು:

1. ಹೊಕ್ಕುಳ ಸುತ್ತ ಆರಂಭವಾಗಿ ಕೆಳಹೊಟ್ಟೆಯ ಬಲಬದಿಗೆ ಸರಿಯುವ ನೋವು: ಅಪೆಂಡಿಕ್ಸ್ ಉರಿಯೂತವಿರಬಹುದು.
2. ಹಠಾತ್ತನೆ ಒಂದು ಬದಿಯಲ್ಲಿ ವಾಂತಿಯೊಡನೆ ಬರುವ ತೀವ್ರ ನೋವು: ಅಂಡಾಶಯ ತಿರುಚಿಕೊಂಡಿರಬಹುದು.
3. ಮುಟ್ಟು ತಪ್ಪಿದ ಬಳಿಕ ನೋವು, ರಕ್ತಸ್ರಾವ, ತಲೆಸುತ್ತು: ಗರ್ಭವು ಗರ್ಭಕೋಶದ ಹೊರಗೆ ನಿಂತಿರಬಹುದು.

ಇಂತಹ ಸಂದರ್ಭದಲ್ಲಿ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸುವುದು ಕರ್ತವ್ಯ.

ಚಟುವಟಿಕೆ: ಗಡಿಯಾಚೆಯ ಕನ್ನಡ ಶಾಲೆಯ ಬಾಲಕಿ ವೈದ್ಯರೆದುರು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಮಾತನಾಡಬೇಕಾಗಬಹುದು. ನೋವು ಎಲ್ಲಿ, ಎಂದಿನಿಂದ, ಹೇಗೆ, ಜೊತೆಗೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲು ಕನ್ನಡದಲ್ಲಿ, ಅನಂತರ ರಾಜ್ಯಭಾಷೆಯಲ್ಲಿ ಉತ್ತರಿಸಲು ಅಭ್ಯಾಸ ಮಾಡಿಸಬೇಕು. ಹೇಳಲು ಮಾತು ದೊರೆತರೆ ನೋವು ಮರೆಯಾಗಿ ಉಳಿಯದು.