ಗ್ರಾಹಕರನ್ನು ಹುಡುಕಲು ಏಜೆನ್ಸಿ: ಸಹಿ ಹಾಕುವ ಮುನ್ನ

ಹತ್ತು–ಹದಿನೈದು ಜನರ ಸಾಫ್ಟ್‌ವೇರ್ ಕಂಪನಿಯಲ್ಲಿ ಕೋಡ್ ನೋಡುವವರೂ ಮಾಲೀಕರೇ, ಗ್ರಾಹಕರಿಗೆ ಫೋನ್ ಮಾಡುವವರೂ ಅವರೇ. ಹೊಸ ಗ್ರಾಹಕರನ್ನು ಹುಡುಕಿ, ಮಾತುಕತೆಗೆ ಸಮಯ ಗೊತ್ತುಮಾಡಿಕೊಡುವ ಏಜೆನ್ಸಿಗೆ ಬೇಡಿಕೆ ಬರುವುದು ಇಲ್ಲಿಂದಲೇ. ಕೆಲಸ ಒಪ್ಪಿಸುವುದರಲ್ಲಿ ತಪ್ಪಿಲ್ಲ. ಆದರೆ ಮೊದಲ ನಾಲ್ಕೈದು ಗ್ರಾಹಕರನ್ನು ನೀವೇ ಗಿಟ್ಟಿಸಿರಬೇಕು. ನಿಮ್ಮ ಸರಕನ್ನು ಯಾರು, ಏಕೆ ಕೊಳ್ಳುತ್ತಾರೆಂದು ನಿಮಗೇ ತಿಳಿಯದಿದ್ದರೆ ಏಜೆನ್ಸಿಯ ಹುಡುಗರಿಗೆ ತಿಳಿಯುವುದು ಹೇಗೆ?

ಮೊದಲ ಕೆಲಸ, ‘ಅಪಾಯಿಂಟ್‌ಮೆಂಟ್’ ಎಂದರೇನೆಂದು ಒಪ್ಪಂದದಲ್ಲಿ ಬರೆಯುವುದು. ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಕಾರ್ಖಾನೆಗಳಿಗೆ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಮಾರುವವರಾದರೆ ಹೀಗೆ ಬರೆಯಬಹುದು: ಪೀಣ್ಯ ಅಥವಾ ಬೆಳಗಾವಿಯ ಉದ್ಯಮಬಾಗದಲ್ಲಿ 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಘಟಕ, ಮಾತಿಗೆ ಕೂರುವವರು ಮಾಲೀಕರು ಇಲ್ಲವೇ ಪ್ಲಾಂಟ್ ಮ್ಯಾನೇಜರ್, ಈ ವರ್ಷವೇ ಕೊಳ್ಳುವ ಯೋಚನೆ ಇರಬೇಕು, ಹೇಳಿದ ಹೊತ್ತಿಗೆ ಅವರು ಬಾರದಿದ್ದರೆ ಅದು ಲೆಕ್ಕಕ್ಕಿಲ್ಲ.

ದರದಲ್ಲಿ ಎರಡು ಬಗೆ. ಭೇಟಿಗಿಷ್ಟು ಎಂಬ ದರ ಅಗ್ಗವೆನಿಸುತ್ತದೆ. ಆದರೆ ಎಣಿಕೆಗೆ ದುಡ್ಡು ಸಿಗುವಾಗ ಬಿಡುವಿದ್ದವರನ್ನೆಲ್ಲ ಕರೆತಂದು ಕೂರಿಸುವ ಆಸೆ ಸಹಜ. ತಿಂಗಳ ಸಂಬಳದಂತೆ ಕೊಟ್ಟರೆ ಕೆಲಸ ಸಡಿಲಾಗುವ ಭಯ. ಕಡಿಮೆ ಮಾಸಿಕ ಮೊತ್ತ, ಜೊತೆಗೆ ಮೇಲಿನ ಷರತ್ತಿಗೆ ಹೊಂದುವ ಭೇಟಿಗೆ ಮಾತ್ರ ಹೆಚ್ಚುವರಿ ಹಣ: ನನ್ನ ಮತ ಇದಕ್ಕೇ.

ಇನ್ನು ಕಾನೂನು. ಪ್ರಚಾರದ ಕರೆಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿ ಇದೆ. ಟೆಲಿಮಾರ್ಕೆಟಿಂಗ್ ಕರೆಗಳಿಗೆ 140ರಿಂದ ಶುರುವಾಗುವ ನಂಬರುಗಳನ್ನೇ ಮೀಸಲಿಟ್ಟಿದ್ದಾರೆ. 1909 ನಂಬರಿನ ಮೂಲಕ ‘ಡಿಎನ್‌ಡಿ’ (ಪ್ರಚಾರದ ಕರೆ ಬೇಡ) ಎಂದು ನೋಂದಾಯಿಸಿದವರಿಗೆ ಸಾಮಾನ್ಯ ಮೊಬೈಲಿನಿಂದ ಕರೆ ಮಾಡಿ ದೂರು ಬಂದರೆ ಸಂಪರ್ಕವೇ ಕಡಿತವಾಗಬಹುದು. ಏಜೆನ್ಸಿ ಟೆಲಿಮಾರ್ಕೆಟರ್ ಆಗಿ ನೋಂದಣಿ ಮಾಡಿಸಿದೆಯೇ ಎಂದು ದಾಖಲೆ ಕೇಳಿ ನೋಡಿ, ಬಾಯಿಮಾತು ಸಾಲದು. ಅಮೆರಿಕದ ಕಂಪನಿಗಳಿಗೆ ಮೇಲ್ ಹೋಗುವುದಾದರೆ ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಅನ್ವಯಿಸುತ್ತದೆ. ಮೇಲ್‌ನಲ್ಲಿ ನಿಮ್ಮ ಅಂಚೆ ವಿಳಾಸ ಇರಬೇಕು. ಬೇಡವೆಂದವರಿಗೆ 10 ಕೆಲಸದ ದಿನಗಳೊಳಗೆ ಕಳಿಸುವುದನ್ನು ನಿಲ್ಲಿಸಬೇಕು. ಕಳಿಸಿದ್ದು ಏಜೆನ್ಸಿಯಾದರೂ ಹೊಣೆ ನಿಮಗೂ ತಟ್ಟುತ್ತದೆ.

ಕಂಪನಿಯ ಮುಖ್ಯ ಡೊಮೈನನ್ನು ಏಜೆನ್ಸಿಯ ಕೈಗೆ ಕೊಡಲೇಬೇಡಿ. ಅದಕ್ಕೊಮ್ಮೆ ಸ್ಪ್ಯಾಮ್ ಕಳಂಕ ಅಂಟಿತೆಂದರೆ ಹಳೆಯ ಗ್ರಾಹಕರಿಗೆ ನೀವು ಕಳಿಸುವ ಬಿಲ್ ಕೂಡ ಕಸದ ಡಬ್ಬಿ ಸೇರುತ್ತದೆ. ಬೇರೆ ಡೊಮೈನ್ ಕೊಂಡು, ಮೇಲ್ ಅಸಲಿಯೆಂದು ದೃಢೀಕರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಸರಿಯಾಗಿ ಹೊಂದಿಸಿ, ದಿನಕ್ಕೆ ಕೆಲವೇ ಮೇಲ್‌ಗಳಿಂದ ಶುರುಮಾಡಿ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರ ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದೆಂದು ಗೂಗಲ್ 2024ರ ಫೆಬ್ರುವರಿಯಿಂದ ನಿಯಮ ಮಾಡಿದೆ. ನೀವು ಅಷ್ಟು ಕಳಿಸದಿದ್ದರೂ ಆ ಗೆರೆ ನೆನಪಿರಲಿ.

ಕರೆಯ ಮಾತುಗಳನ್ನು ನೀವೇ ಕೂತು ಬರೆಸಿ. ವಾರಕ್ಕೊಮ್ಮೆ ನಾಲ್ಕಾರು ರೆಕಾರ್ಡಿಂಗ್ ಕೇಳಿ. ಹುಬ್ಬಳ್ಳಿಯ ಕಾರ್ಖಾನೆ ಮಾಲೀಕರಿಗೆ ಇಂಗ್ಲಿಷಿನಲ್ಲಿ ಓದಿದಂತೆ ಒಪ್ಪಿಸಿದರೆ ಅವರು ಫೋನ್ ಇಡುತ್ತಾರೆ. ಆ ಭಾಗಕ್ಕೆ ಕನ್ನಡದಲ್ಲಿ ಸರಾಗವಾಗಿ ಮಾತಾಡುವವರೇ ಬೇಕೆಂದು ಪಟ್ಟು ಹಿಡಿಯಿರಿ.

ಹೆಸರುಗಳ ಪಟ್ಟಿ, ಯಾರು ಏನೆಂದರೆಂಬ ಟಿಪ್ಪಣಿ ಎಲ್ಲವೂ ಅಂದಂದೇ ನಿಮ್ಮ ಸಿಆರ್‌ಎಂಗೆ, ಕೊನೆಗೆ ಎಕ್ಸೆಲ್ ಹಾಳೆಗಾದರೂ ಬರಲಿ. ಒಪ್ಪಂದ ಮುಗಿದ ದಿನ ಇದನ್ನು ಕೇಳಹೋದರೆ ಸಿಗುವುದು ಕಷ್ಟ.

ಮೊದಲ ಒಪ್ಪಂದ ಮೂರು ತಿಂಗಳಿಗಷ್ಟೇ ಇರಲಿ. ಆ ಅವಧಿಯಲ್ಲಿ ಬೆಲೆಪಟ್ಟಿ ಕೇಳುವ ಹಂತಕ್ಕೆ ಒಬ್ಬರೂ ಬಾರದಿದ್ದರೆ, ಏಜೆನ್ಸಿ ಎಷ್ಟೇ ಭೇಟಿಗಳ ಲೆಕ್ಕ ತೋರಿಸಲಿ, ನವೀಕರಿಸಬೇಡಿ.