ತನ್ನ ಮರಣವೂ ತನ್ನವರ ಮರಣವೂ

ಮರಣವೆಂದರೇನು ಎಂಬ ಪ್ರಶ್ನೆಯನ್ನು ಕಠೋಪನಿಷತ್ತಿನ ನಚಿಕೇತನು ಯಮನ ಮನೆಗೇ ಹೋಗಿ ಕೇಳಿದನೆಂಬುದು ವಾಚಕರಿಗೆ ತಿಳಿದ ಸಂಗತಿ. ಆದರೆ ಅದು ಅವನು ಬೇಡಿದ ಮೂರನೆಯ ವರವೆಂಬುದನ್ನು ನಾವು ಮರೆಯುವುದುಂಟು. ತನ್ನ ತಂದೆಯ ಮನಸ್ಸು ಶಾಂತವಾಗಲಿ ಎಂಬುದೇ ಅವನ ಮೊದಲನೆಯ ಬೇಡಿಕೆಯಾಗಿತ್ತು. ಮರಣದ ರಹಸ್ಯವನ್ನು ಅರಿಯುವುದಕ್ಕೆ ಮುಂಚೆ ಆ ಬಾಲಕನು ಮನೆಯಲ್ಲಿ ಉಳಿದವನ ನೆಮ್ಮದಿಯನ್ನು ನೆನೆದನು.

ಹೀಗೆ ಇಲ್ಲಿ ಎರಡು ಪ್ರಶ್ನೆಗಳಿವೆ. ನನಗೆ ಮರಣವು ಬಂದರೆ ಏನಾಗುವುದು ಎಂಬುದು ಒಂದು. ನನ್ನವರಿಗೆ ಬಂದರೆ ನಾನು ಹೇಗೆ ಬಾಳಲಿ ಎಂಬುದು ಇನ್ನೊಂದು. ತತ್ವಜ್ಞಾನಿಗಳ ಮಾತನ್ನು ಓದುವಾಗ ಇವೆರಡನ್ನೂ ಬೆರಸಬಾರದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಲ್ಲಿ ಕ್ರಿ. ಪೂ. 399ರಲ್ಲಿ ಸಾಕ್ರಟೀಸನಿಗೆ ಮರಣದಂಡನೆಯಾಯಿತು. ಆಗ ಆತನಿಗೆ ಸುಮಾರು 70 ವರ್ಷ. ಶಿಷ್ಯನಾದ ಪ್ಲೇಟೋ ಬರೆದಿರುವಂತೆ, ನ್ಯಾಯಸಭೆಯಲ್ಲಿ ಆತನ ವಾದವು ಇದು: ಮರಣವು ಕನಸಿಲ್ಲದ ನಿದ್ರೆಯಂತಿರಬೇಕು, ಇಲ್ಲವೆ ಆತ್ಮವು ಬೇರೊಂದು ಸ್ಥಳಕ್ಕೆ ಮಾಡುವ ಪ್ರಯಾಣವಾಗಿರಬೇಕು, ಎರಡರಲ್ಲಿ ಯಾವುದಾದರೂ ಭಯಪಡತಕ್ಕದ್ದಲ್ಲ. ಆತನ ಕಡೆಯ ದಿನದ ವೃತ್ತಾಂತವು 'ಫೀಡೋ' ಎಂಬ ಸಂವಾದದಲ್ಲಿದೆ. ಅಂದು ಮುಂಜಾನೆ ಸ್ನೇಹಿತರು ಸೆರೆಮನೆಗೆ ಬಂದಾಗ ಪತ್ನಿಯಾದ ಕ್ಸಾಂಥಿಪೆಯು ಮಗುವನ್ನೆತ್ತಿಕೊಂಡು ಪತಿಯ ಬಳಿ ಕುಳಿತಿದ್ದಳು. ಪತಿಯೂ ಸ್ನೇಹಿತರೂ ಕೂಡಿ ಮಾತನಾಡುವುದು ಅದೇ ಕಡೆಯ ಸಲವೆಂದು ಆಕೆ ಗೋಳಿಟ್ಟಳು. ಆಕೆಯನ್ನು ಮನೆಗೆ ಕಳುಹಿಸಿದರು. ಆ ಬಳಿಕ ದಿನವೆಲ್ಲ ಆತ್ಮದ ಅಮರತ್ವವನ್ನು ಕುರಿತು ವಿಚಾರ ನಡೆಯಿತು.

ಸಂಜೆ ಆತನು ವಿಷವನ್ನು ಕುಡಿದಾಗಲಾದರೋ, ಆ ವಾದಗಳನ್ನೆಲ್ಲ ಕೇಳಿದ ಗಂಡಸರೇ ಅತ್ತರು. ಫೀಡೋ ಎಂಬ ಶಿಷ್ಯನು ಮುಖವನ್ನು ಮುಚ್ಚಿಕೊಂಡು ಅತ್ತನು. ತಾನು ಅತ್ತದ್ದು ಗುರುವಿನ ಪಾಡಿಗಲ್ಲ, ಅಂತಹ ಗೆಳೆಯನನ್ನು ಕಳೆದುಕೊಂಡ ತನ್ನ ಪಾಡಿಗೆ ಎಂದು ಅವನೇ ಹೇಳುತ್ತಾನೆ. ಇಂತಹ ರೋದನವಾಗಬಾರದೆಂದೇ ಹೆಂಗಸರನ್ನು ಕಳುಹಿಸಿದ್ದೆಂದು ಸಾಕ್ರಟೀಸನು ಅವರನ್ನು ಗದರಿಸಿದನು. ಇಲ್ಲಿ ವಾದವು ಸೋತಿತೆಂದು ನಾವು ತಿಳಿಯಲಾಗದು. ಸಾಯುವವನಿಗೆ ಅದು ಧೈರ್ಯವನ್ನು ಕೊಟ್ಟಿತು. ಆದರೆ ಉಳಿಯುವವರ ಪ್ರಶ್ನೆಯು ಬೇರೆಯಾಗಿತ್ತು. ಕ್ಸಾಂಥಿಪೆಯು ಬೆಳಗ್ಗೆಯೇ ಅದನ್ನು ನುಡಿದಿದ್ದಳು. ಸಾಕ್ರಟೀಸನು ಅದನ್ನು ಅರಿಯದವನೂ ಅಲ್ಲ. ಹೆಣವನ್ನು ತೊಳೆಯುವ ಕಷ್ಟವು ಹೆಂಗಸರಿಗೆ ತಪ್ಪಲೆಂದು ಆತನು ವಿಷಪಾನಕ್ಕೆ ಮುಂಚೆ ತಾನೇ ಸ್ನಾನ ಮಾಡಿದನು.

ಅದೇ ಪಟ್ಟಣದಲ್ಲಿ ಸುಮಾರು ನೂರು ವರ್ಷಗಳ ತರುವಾಯ ಎಪಿಕ್ಯೂರಸನು (ಕ್ರಿ. ಪೂ. 341–270) ತನ್ನ ತೋಟದಲ್ಲಿ ತತ್ವೋಪದೇಶ ಮಾಡುತ್ತಿದ್ದನು, ಅಲ್ಲಿ ಸ್ತ್ರೀಯರಿಗೂ ಪ್ರವೇಶವಿತ್ತು. ಒಳಿತು ಕೆಡಕುಗಳು ಇಂದ್ರಿಯಗಳಿಂದ ಅನುಭವಕ್ಕೆ ಬರತಕ್ಕವು. ಮರಣದಲ್ಲಿ ಇಂದ್ರಿಯಗಳ ಅರಿವೇ ಅಡಗುವುದು. ಆದಕಾರಣ ಮರಣಕ್ಕೂ ನಮಗೂ ಎಂದಿಗೂ ಭೇಟಿಯಾಗದು, ಭಯವು ನಿರಾಧಾರವಾದುದು ಎಂದು ಆತನು ಬೋಧಿಸಿದನು. ಮೂತ್ರಮಾರ್ಗದ ಕಲ್ಲಿನಿಂದ ನರಳುತ್ತಾ ಶಾಂತಚಿತ್ತದಿಂದ ಮೃತನಾದನೆಂದು ಹೇಳಿದೆ. ಆದರೂ ಆತನ ಮರಣಶಾಸನವನ್ನು ನೋಡಿರಿ. ತನಗಿಂತ ಮುಂಚೆ ತೀರಿಹೋದ ಗೆಳೆಯ ಮೆಟ್ರೊಡೋರಸನ ಮಗನ ಪೋಷಣೆಗೂ, ಮಗಳ ವಿವಾಹಕ್ಕೂ ಅದರಲ್ಲಿ ಏರ್ಪಾಟು ಮಾಡಿದ್ದಾನೆ. ತನ್ನ ಮರಣವನ್ನು ಲೆಕ್ಕಿಸದವನು ತಬ್ಬಲಿಗಳ ಅನ್ನವನ್ನು ಲೆಕ್ಕಿಸಿದನು.

ಎರಡನೆಯ ಪ್ರಶ್ನೆಯನ್ನೇ ಎತ್ತಿಕೊಂಡು ಹೊರಟವಳೊಬ್ಬಳ ಕಥೆಯು ನಮ್ಮ ದೇಶದ್ದು. ಧಮ್ಮಪದದ ಪ್ರಾಚೀನ ವ್ಯಾಖ್ಯಾನದಲ್ಲಿ ಬರುವ ಶ್ರಾವಸ್ತಿಯ ಕಿಸಾಗೋತಮಿಯು, ಸತ್ತ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಔಷಧವನ್ನು ಬೇಡುತ್ತಾ ಅಲೆದಳು. ಬುದ್ಧನು ಆಕೆಗೆ ವಾದವನ್ನು ಹೇಳಲಿಲ್ಲ. ಯಾರೂ ಸಾಯದ ಮನೆಯಿಂದ ಸಾಸಿವೆಯನ್ನು ತರುವಂತೆ ಕಳುಹಿಸಿದನು. ಸಾಸಿವೆಯು ಎಲ್ಲರ ಮನೆಯಲ್ಲಿಯೂ ಇತ್ತು. ಸಾವು ಕಾಣದ ಮನೆಯೊಂದೂ ಇರಲಿಲ್ಲ. ಆಕೆ ಮಗುವಿನ ದೇಹವನ್ನು ಕಾಡಿನಲ್ಲಿ ಬಿಟ್ಟು ಹಿಂದಿರುಗಿ, ಭಿಕ್ಷುಣಿಯಾದಳು. ಸಾವು ಎಲ್ಲರಿಗೂ ಉಂಟೆಂಬ ಮಾತನ್ನು ಬುದ್ಧನು ಒಂದೇ ವಾಕ್ಯದಲ್ಲಿ ಹೇಳಬಹುದಾಗಿತ್ತು. ಹಾಗೆ ಹೇಳದೆ, ಮನೆಮನೆಯ ಹೊಸ್ತಿಲಲ್ಲಿ ನಿಂತು, ಕಳೆದುಕೊಂಡವರ ಬಾಯಿಂದಲೇ ಆಕೆ ಕೇಳುವಂತೆ ಮಾಡಿದನು. ಮಾತು ಅದೇ, ಆದರೆ ಹೇಳಿದವರು ದುಃಖದಲ್ಲಿ ಆಕೆಗೆ ಸಮಾನರಾದವರು.

ಇದರಿಂದ ನಮಗೆ ದೊರೆಯುವ ಪಾಠವು ನಿತ್ಯಜೀವನಕ್ಕೆ ಸಂಬಂಧಪಟ್ಟುದು. ಸಾವಾದ ಮನೆಗೆ ಹೋದಾಗ, ಹುಟ್ಟಿದವರೆಲ್ಲ ಹೋಗತಕ್ಕವರೇ ಎಂದು ನಾವು ಹೇಳುವುದುಂಟು. ಅದು ಸತ್ಯವೇ ಸರಿ. ಆದರೆ ಅದು ಮೊದಲನೆಯ ಪ್ರಶ್ನೆಗೆ ಉತ್ತರ. ಎದುರಿಗೆ ಕುಳಿತ ತಾಯಿಯು ಕೇಳುತ್ತಿರುವುದು ಎರಡನೆಯದನ್ನು. ತತ್ವವಿಚಾರವನ್ನು ನಮ್ಮ ಸ್ವಂತ ಭಯಕ್ಕೆ ಮದ್ದಾಗಿ ಇಟ್ಟುಕೊಳ್ಳೋಣ. ಪರರ ಶೋಕಕ್ಕೆ ನಾವು ಕೊಡಬಹುದಾದುದು ಅವರ ಮಕ್ಕಳಿಗೆ ಎರಡು ಹೊತ್ತಿನ ಊಟ, ಗತಿಸಿದವರ ಹೆಸರೆತ್ತಿ ಆಡುವ ನಾಲ್ಕು ಮಾತು, ಮತ್ತು ಬಂದವರೆಲ್ಲರೂ ಹೊರಟುಹೋದ ತಿಂಗಳ ಮೇಲೆ ಇನ್ನೊಮ್ಮೆ ಹೋಗಿ ಬಾಗಿಲು ತಟ್ಟುವ ಮನಸ್ಸು.